ಗಾಜಿನ ಮೇಲೊಂದು ಕೆನೆ: ಹಳೇ ಪ್ಲೇಟ್ ಫೋಟೋ ಸಿಕ್ಕರೆ ಒರೆಸಬೇಡಿ

ಊರಿನ ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ಮರದ ಪೆಟ್ಟಿಗೆ ಸಿಕ್ಕಿತು. ನೋಡಲು ಚಿಕ್ಕದು, ಎತ್ತಿದರೆ ಭಾರ. ಒಳಗೆ ಹಳೇ ಪೇಪರಿನಲ್ಲಿ ಸುತ್ತಿಟ್ಟ ಗಾಜಿನ ತುಂಡುಗಳು. ಎಣಿಸಿದರೆ 64. ಯಾವುದೋ ಕಿಟಕಿಗೆ ತಂದಿಟ್ಟ ಗಾಜು ಇರಬೇಕು ಅಂದುಕೊಂಡೆವು. ಒಂದನ್ನು ಬಾಗಿಲ ಬೆಳಕಿಗೆ ಹಿಡಿದಾಗ ಗೊತ್ತಾಯಿತು. ಕುರ್ಚಿಯ ಮೇಲೆ ಒಬ್ಬ ಹೆಂಗಸು ಕೂತಿದ್ದಾರೆ. ಮುಖ ಕಪ್ಪಗೆ, ಕೂದಲು ಬೆಳ್ಳಗೆ. ಹಣೆಯಲ್ಲಿ ಕುಂಕುಮ ಇರಬೇಕಾದ ಕಡೆ ಒಂದು ಚುಕ್ಕೆಯಷ್ಟು ಬೆಳಕು ಆಚೆಯಿಂದ ತೂರಿ ಬರುತ್ತಿತ್ತು.

ಗಾಜಿನ ಮೇಲೆ ದಪ್ಪ ಧೂಳು, ಅಲ್ಲಲ್ಲಿ ಬೂಷ್ಟು. ಸ್ವಚ್ಛ ಮಾಡೋಣ ಅಂತ ಒದ್ದೆ ಬಟ್ಟೆ ತಂದು ಒರೆಸಿದೆ. ಎರಡನೇ ಸಲ ಕೈಯಾಡಿಸುವಷ್ಟರಲ್ಲಿ ಒಂದು ಕಣ್ಣು, ಕೆನ್ನೆ, ಅರ್ಧ ಹಣೆ ಬಟ್ಟೆಗೆ ಅಂಟಿಕೊಂಡು ಬಂದವು. ಆ ಜಾಗದಲ್ಲಿ ಉಳಿದದ್ದು ಬರೀ ಗಾಜು. ಇಂಥ ತಪ್ಪು ಎಷ್ಟೋ ಮನೆಗಳಲ್ಲಿ ಆಗಿರುತ್ತದೆ. ಇನ್ನು ಮುಂದೆ ಆಗದಿರಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಅರ್ಥವಾಗಬೇಕು. ಚಿತ್ರ ಇರುವುದು ಗಾಜಿನಲ್ಲಿ ಅಲ್ಲ. ಗಾಜು ಬರೀ ಮಣೆ. ಅದರ ಒಂದು ಮೈಮೇಲೆ ಹಾಲಿನ ಕೆನೆಯಂಥ ತೆಳು ಪೊರೆ ಇರುತ್ತದೆ. ಆ ಪೊರೆಯೊಳಗೆ ಬೆಳ್ಳಿಯ ಸಣ್ಣ ಸಣ್ಣ ಕಣಗಳು ಕೂತಿರುತ್ತವೆ. ಚಿತ್ರ ಅಂದರೆ ಆ ಕಣಗಳೇ. ಕ್ಯಾಮೆರಾದಲ್ಲಿ ಜಾಸ್ತಿ ಬೆಳಕು ಬಿದ್ದ ಕಡೆ, ಚಿತ್ರ ಮೂಡಿಸುವ ಡೆವಲಪರ್ ಅನ್ನುವ ದ್ರವಕ್ಕೆ ಹಾಕಿದಾಗ ಬೆಳ್ಳಿ ಕಪ್ಪಾಗಿ ಕೂರುತ್ತದೆ. ಬೆಳಕು ಬೀಳದ ಕಡೆ ಇರುವ ಬೆಳ್ಳಿಯ ಉಪ್ಪು ಹೈಪೋ ಅನ್ನುವ ಇನ್ನೊಂದು ದ್ರವದಲ್ಲಿ ಕರಗಿ ಹೋಗುತ್ತದೆ. ಹಾಗಾಗಿ ಬಿಳಿ ಅಂಗಿ ಕಪ್ಪಾಗಿ, ಕಪ್ಪು ಕೂದಲು ಗಾಜಿನಂತೆ ತಿಳಿಯಾಗಿ ಕಾಣುತ್ತದೆ. ಅದೇ ನೆಗೆಟಿವ್. ಅದರ ಕೆಳಗೆ ಫೋಟೋ ಕಾಗದ ಇಟ್ಟು ಬೆಳಕು ಬಿಟ್ಟರೆ ಎಲ್ಲ ಮತ್ತೆ ತಿರುಗಿ ಸರಿಯಾದ ಫೋಟೋ ಬರುತ್ತದೆ. ಗೋಡೆಯ ಮೇಲಿನ ಫ್ರೇಮಿನಲ್ಲಿರುವುದು ಪ್ರತಿ. ಮೂಲ ಈ ಗಾಜಿನ ಮೇಲಿದೆ.

ಈ ಪೊರೆಯನ್ನು ಏನಿಂದ ಮಾಡಿದ್ದಾರೆ ಅನ್ನುವುದರ ಮೇಲೆ ಪ್ಲೇಟಿನ, ಅಂದರೆ ಈ ಪೊರೆ ಹಚ್ಚಿದ ಗಾಜಿನ, ಇಡೀ ಜಾತಕ ನಿಂತಿದೆ. ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ್ದು ಕೊಲೋಡಿಯನ್ ವಿಧಾನ. ಆಸಿಡ್ಡಿನಲ್ಲಿ ನೆನೆಸಿ ತೆಗೆದ ಹತ್ತಿಯನ್ನು ಈಥರ್ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿದರೆ ಜೇನುತುಪ್ಪದಂಥ ಅಂಟು ದ್ರವ ಬರುತ್ತದೆ. ಅದನ್ನು ಗಾಜಿನ ಮೇಲೆ ಸುರಿದು, ನೀರು ದೋಸೆಗೆ ಕಾವಲಿ ಓಲಾಡಿಸಿದ ಹಾಗೆ ಗಾಜನ್ನು ನಾಲ್ಕೂ ಮೂಲೆಗೆ ಓಲಾಡಿಸಿ ಹರಡಬೇಕು. ಆಮೇಲೆ ಸಿಲ್ವರ್ ನೈಟ್ರೇಟ್ ನೀರಿನಲ್ಲಿ ಅದ್ದಬೇಕು. ಹಸಿಯಾಗಿರುವಾಗಲೇ ಕ್ಯಾಮೆರಾಕ್ಕೆ ಹಾಕಿ ಫೋಟೋ ತೆಗೆಯಬೇಕು. ಹಸಿಯಾಗಿರುವಾಗಲೇ ಅನ್ನಭೇದಿಯ (ಕಬ್ಬಿಣದ ಸಲ್ಫೇಟಿನ) ನೀರು ಸುರಿದು ಚಿತ್ರ ಮೂಡಿಸಬೇಕು. ಎಲ್ಲಾ ಹತ್ತು ಹದಿನೈದು ನಿಮಿಷದೊಳಗೆ. ಒಣಗಿತೋ, ಕೆಟ್ಟಿತು.

ಅಂದರೆ ಫೋಟೋಗ್ರಾಫರ್ ಹೋದಲ್ಲೆಲ್ಲ ಕತ್ತಲ ಕೋಣೆಯೂ ಹೋಗಬೇಕು. ಸ್ಯಾಮ್ಯುಯೆಲ್ ಬೋರ್ನ್ 1866ರಲ್ಲಿ ಹಿಮಾಲಯದ ಮನಿರಂಗ್ ಕಣಿವೆ ದಾರಿಯಲ್ಲಿ, ಸುಮಾರು 18,600 ಅಡಿ ಎತ್ತರದಲ್ಲಿ ಫೋಟೋ ತೆಗೆದ. ಗಾಜು, ಬಾಟಲಿ, ಡೇರೆ ಎಲ್ಲವನ್ನೂ ಹತ್ತಾರು ಕೂಲಿಗಳು ಹೊತ್ತಿದ್ದರು. ಆ ಚಳಿಯಲ್ಲಿ ಬೆರಳು ಮರಗಟ್ಟಿರುವಾಗ ಗಾಜಿನ ಮೇಲೆ ದ್ರವ ಸಮನಾಗಿ ಹರಡುವುದು ಎಂಥ ಕೆಲಸ ಯೋಚಿಸಿ. ಸೆಕೆಯ ಊರಲ್ಲಿ ಇನ್ನೊಂದು ಕಷ್ಟ, ಈಥರ್ ನೋಡನೋಡುತ್ತಲೇ ಆವಿಯಾಗುತ್ತದೆ. ನಮ್ಮ ಹಂಪಿಯನ್ನು 1856ರಲ್ಲಿ ಸೆರೆಹಿಡಿದ ಅಲೆಕ್ಸಾಂಡರ್ ಗ್ರೀನ್‌ಲಾ ಗಾಜು ಬಳಸಲೇ ಇಲ್ಲ. ಮೇಣ ಹಚ್ಚಿದ ಕಾಗದದ ನೆಗೆಟಿವ್ ಬಳಸಿದ. ಅಂಥ ಕಾಗದವನ್ನು ಮೊದಲೇ ತಯಾರಿ ಮಾಡಿಟ್ಟುಕೊಂಡು ಪ್ರಯಾಣ ಹೊರಡಬಹುದಿತ್ತು.

ಈ ತಾಪತ್ರಯ ತಪ್ಪಿಸಿದ್ದು ಜೆಲಾಟಿನ್. ರಿಚರ್ಡ್ ಲೀಚ್ ಮ್ಯಾಡಾಕ್ಸ್ ಅನ್ನುವ ಡಾಕ್ಟರಿಗೆ ಈಥರ್ ಹೊಗೆಯಿಂದ ಆರೋಗ್ಯ ಕೆಡುತ್ತಿತ್ತು. ಅದರ ಬದಲು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್ನಿನಲ್ಲಿ ಬೆಳ್ಳಿಯ ಉಪ್ಪು ಬೆರೆಸಬಹುದು ಅಂತ 1871ರಲ್ಲಿ ಬರೆದರು. ಮುಂದೆ ಬೇರೆಯವರು ಅದನ್ನು ಸುಧಾರಿಸಿದರು. 1880ರ ಹೊತ್ತಿಗೆ ಕಾರ್ಖಾನೆಗಳು ಒಣ ಪ್ಲೇಟುಗಳನ್ನು ಡಬ್ಬಿಯಲ್ಲಿ ತುಂಬಿ ಮಾರತೊಡಗಿದವು. ಯಾವತ್ತು ಬೇಕಾದರೂ ಫೋಟೋ ತೆಗೆಯಿರಿ, ಯಾವತ್ತು ಬೇಕಾದರೂ ತೊಳೆಯಿರಿ. ಊರೂರಿಗೆ ಸ್ಟುಡಿಯೋ ಬಂದದ್ದು ಇದರಿಂದಲೇ. ಸ್ಟುಡಿಯೋಗಳಲ್ಲಿ 1940ರ ದಶಕದವರೆಗೂ ಪ್ಲೇಟು ನಡೆಯಿತು. ಹಾಗಾಗಿ ನಮ್ಮ ಮನೆಗಳಲ್ಲಿ ಸಿಗುವ ಗಾಜಿನ ಫೋಟೋ ಹೆಚ್ಚಾಗಿ ಜೆಲಾಟಿನ್ ಪ್ಲೇಟೇ ಆಗಿರುತ್ತದೆ.

ಎರಡನ್ನೂ ಗುರುತು ಹಿಡಿಯುವುದು ಕಷ್ಟವಲ್ಲ. ಕೊಲೋಡಿಯನ್ ಪ್ಲೇಟಿನ ಬಣ್ಣ ಕೆನೆ ಕಾಫಿಯಂತೆ ಕಂದು. ಗಾಜು ದಪ್ಪ, ಅಂಚು ಕೈಯಲ್ಲಿ ಕೊಯ್ದಂತೆ ಓರೆಕೋರೆ. ಒಂದು ಮೂಲೆಯಲ್ಲಿ ಪೊರೆಯೇ ಇರುವುದಿಲ್ಲ, ಸುರಿಯುವಾಗ ಹೆಬ್ಬೆರಳಲ್ಲಿ ಹಿಡಿದ ಜಾಗ ಅದು. ಕಪ್ಪು ಬಟ್ಟೆಯ ಮೇಲಿಟ್ಟು ಓರೆಯಾಗಿ ನೋಡಿದರೆ ನೆಗೆಟಿವ್ ಇದ್ದದ್ದು ಸರಿ ಫೋಟೋ ಆಗಿ ಕಂಡುಬಿಡುತ್ತದೆ. ಜೆಲಾಟಿನ್ ಪ್ಲೇಟಿನದು ಅಚ್ಚ ಕಪ್ಪು ಬೂದು ಬಣ್ಣ. ಗಾಜು ತೆಳು, ಅಳತೆ ಕರಾರುವಾಕ್ಕು. ಹಾಫ್ ಪ್ಲೇಟ್ ಅಂದರೆ 4¾ × 6½ ಇಂಚು, ಫುಲ್ ಪ್ಲೇಟ್ 6½ × 8½ ಇಂಚು. ಹಳೇ ಜೆಲಾಟಿನ್ ಪ್ಲೇಟಿನ ಅಂಚಿನಲ್ಲಿ ನೀಲಿ ಮಿಶ್ರಿತ ಕನ್ನಡಿ ಹೊಳಪು ಬಂದಿರುತ್ತದೆ. ಎರಡು ಗಾಜು ಸೇರಿಸಿ ಸುತ್ತ ಕಪ್ಪು ಕಾಗದದ ಪಟ್ಟಿ ಅಂಟಿಸಿದ್ದರೆ, ಚಿತ್ರ ನೇರವಾಗಿಯೇ ಕಾಣುತ್ತಿದ್ದರೆ, ಅದು ಮ್ಯಾಜಿಕ್ ಲ್ಯಾಂಟರ್ನಿನ, ಅಂದರೆ ಪರದೆಯ ಮೇಲೆ ಚಿತ್ರ ಬಿಡುವ ಹಳೇ ದೀಪಯಂತ್ರದ, ಸ್ಲೈಡ್. ಅದನ್ನು ಬಿಚ್ಚಲು ಹೋಗಬೇಡಿ.

ಆ ಕಾಲದ ಫೋಟೋಗಳಲ್ಲಿ ಕುಂಕುಮ ಯಾಕೆ ಕಾಡಿಗೆಯಂತೆ ಕಪ್ಪಾಗಿರುತ್ತದೆ ಅಂತ ಯಾವತ್ತಾದರೂ ಅನ್ನಿಸಿದೆಯಾ? ಹಳೇ ಪ್ಲೇಟುಗಳಿಗೆ ನೀಲಿ ಬೆಳಕು ಚೆನ್ನಾಗಿ ಕಾಣುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ. ಅದಕ್ಕೇ ಡಾರ್ಕ್ ರೂಮಿನಲ್ಲಿ ಕೆಂಪು ದೀಪ ಹಾಕಿಕೊಂಡು ಕೆಲಸ ಮಾಡಬಹುದಿತ್ತು. ಕುಂಕುಮದಿಂದ ಪ್ಲೇಟಿಗೆ ಏನೂ ತಲುಪುವುದಿಲ್ಲ. ಅಲ್ಲಿ ಬೆಳ್ಳಿ ಕೂರುವುದಿಲ್ಲ, ಪ್ಲೇಟು ತಿಳಿಯಾಗಿ ಉಳಿಯುತ್ತದೆ, ಪ್ರಿಂಟಿನಲ್ಲಿ ಕಪ್ಪಾಗುತ್ತದೆ. ನನ್ನ ಕೈಯಲ್ಲಿದ್ದ ಪ್ಲೇಟಿನಲ್ಲಿ ಹಣೆಯಿಂದ ಬೆಳಕು ತೂರಿ ಬಂದದ್ದು ಹೀಗೆ. ನೀಲಿ ಆಕಾಶದ ಕಥೆ ಇದರ ತದ್ವಿರುದ್ಧ. ಅದು ಪ್ಲೇಟನ್ನು ಪೂರ್ತಿ ಕಪ್ಪಾಗಿಸುತ್ತದೆ, ಪ್ರಿಂಟಿನಲ್ಲಿ ಮೋಡವೇ ಇಲ್ಲದ ಬಿಳಿ ಬಯಲು. ಮುಖದ ಭಾಗವನ್ನು ಓರೆ ಬೆಳಕಲ್ಲಿ ನೋಡಿದರೆ ಕೆಲವೊಮ್ಮೆ ಸಣ್ಣ ಪೆನ್ಸಿಲ್ ಗೀರುಗಳು ಕಾಣುತ್ತವೆ. ಸ್ಟುಡಿಯೋದವರು ಸಿಡುಬಿನ ಕಲೆ, ಕಣ್ಣ ಕೆಳಗಿನ ನೆರಳು ಮುಚ್ಚಲು ಪೊರೆಯ ಮೇಲೆಯೇ ಮಾಡಿದ ರೀಟಚಿಂಗ್ ಅದು. ಕೊಳೆ ಅಂದುಕೊಂಡು ಉಜ್ಜಿದರೆ ಆ ಕೈಕೆಲಸವೂ ಹೋಯಿತು.

ಗಾಜಿನ ಫೋಟೋಗಳು ಸಿಗುವ ಜಾಗಗಳೇ ವಿಚಿತ್ರ. 2012ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿ, ಸ್ಮಾರಕಗಳ ದಾಖಲೆ ಇಡುವ ಸರ್ಕಾರಿ ಸಂಸ್ಥೆಯೊಂದರ ಸಂಗ್ರಹದಲ್ಲಿ ಒಂದು ಶೂ ಡಬ್ಬಿ ಕಣ್ಣಿಗೆ ಬಿತ್ತು. ತೆರೆದರೆ 178 ಗಾಜಿನ ನೆಗೆಟಿವ್‌ಗಳು, ಎಲ್ಲಾ ನಮ್ಮ ದೇಶದ್ದು. ಐದನೇ ಜಾರ್ಜ್ ಭೇಟಿಯ ಸಮಯದಲ್ಲಿ ದೀಪ ಹಚ್ಚಿಕೊಂಡ ಕಲ್ಕತ್ತಾ ಅದರಲ್ಲಿದೆ. ಪ್ಲೇಟುಗಳನ್ನು ಸುತ್ತಿದ್ದು 1914ರ ಸ್ಟೇಟ್ಸ್‌ಮನ್ ಪತ್ರಿಕೆಯಲ್ಲಿ. ಇಲ್ಲಿ ಗಮನಿಸಬೇಕಾದ್ದು ಆ ಪತ್ರಿಕೆಯನ್ನು. ಪ್ಲೇಟಿನ ಮೇಲೆ ತಾರೀಖು ಇರುವುದಿಲ್ಲ, ಸುತ್ತಿದ ಕಾಗದದ ಮೇಲೆ ಇರುತ್ತದೆ. ಹಾಗಾಗಿ ಹಳೇ ಪೇಪರ್, ಡಬ್ಬಿ, ಡಬ್ಬಿಯ ಮೇಲಿನ ಚೀಟಿ ಯಾವುದನ್ನೂ ಎಸೆಯಬೇಡಿ. ಆದರೆ ಮತ್ತೆ ಅದರಲ್ಲೇ ಸುತ್ತಿಡುವುದೂ ಬೇಡ. ಹಳೇ ಪತ್ರಿಕೆಯ ಆಮ್ಲ ಪೊರೆಯನ್ನು ಹಾಳು ಮಾಡುತ್ತದೆ. ಬೇರೆ ಕವರಿನಲ್ಲಿ, ಯಾವ ಪ್ಲೇಟಿಗೆ ಯಾವ ಹಾಳೆ ಅಂತ ಗುರುತು ಹಾಕಿ ಇಡಿ.

ಇನ್ನೊಂದು ಕಥೆ ಉತ್ತರ ಫ್ರಾನ್ಸಿನ ವಿನ್ಯಾಕೂರ್ ಅನ್ನುವ ಊರಿನದು. ಮೊದಲ ಮಹಾಯುದ್ಧದಲ್ಲಿ ಅಲ್ಲಿಂದ ಸೈನಿಕರು ಮುಂಚೂಣಿಗೆ ಹೋಗಿ ಬರುತ್ತಿದ್ದರು. ಊರಿನ ಲೂಯಿ ಮತ್ತು ಆಂಟೊನೆಟ್ ತುಯಿಲಿಯೆ ದಂಪತಿ ಅಂಗಳದಲ್ಲಿ ಒಂದು ಬಣ್ಣದ ಪರದೆ ಕಟ್ಟಿ ಅವರ ಫೋಟೋ ತೆಗೆದು, ಮನೆಗೆ ಕಳಿಸಲು ಪೋಸ್ಟ್ ಕಾರ್ಡ್ ಮಾಡಿಕೊಡುತ್ತಿದ್ದರು. ಗಾಜಿನ ಪ್ಲೇಟುಗಳು ಪೆಟ್ಟಿಗೆಯಲ್ಲಿ ಅಟ್ಟ ಸೇರಿದವು. 2011ರಲ್ಲಿ ತೆರೆದಾಗ ಸುಮಾರು 4,000 ಇದ್ದವು. ಅದರಲ್ಲಿ ಆಸ್ಟ್ರೇಲಿಯಾದವರ 800ಕ್ಕೂ ಹೆಚ್ಚು ಪ್ಲೇಟುಗಳು ಈಗ ಕ್ಯಾನ್‌ಬೆರಾದ ಯುದ್ಧ ಸ್ಮಾರಕ ಸಂಗ್ರಹಾಲಯದಲ್ಲಿವೆ. ಫೋಟೋ ತೆಗೆಸಿಕೊಂಡ ಕೆಲವರು ಕೆಲವೇ ದಿನದಲ್ಲಿ ತೀರಿಕೊಂಡವರು. ಎಷ್ಟೋ ಮನೆಗಳಿಗೆ ತಮ್ಮ ಹಿರಿಯನ ಮುಖ ತೊಂಬತ್ತು ವರ್ಷದ ಮೇಲೆ ಕಂಡಿತು. ಚಿತ್ರಗಳನ್ನು ಜೋಡಿಸಲು ನೆರವಾದದ್ದು ಮತ್ತೆ ಮತ್ತೆ ಕಾಣುವ ಅದೇ ಪರದೆ. ನಿಮ್ಮ ಮನೆಯ ಫೋಟೋದಲ್ಲೂ ಹಿಂದಿನ ಪರದೆ, ಕುರ್ಚಿಯ ಕೆತ್ತನೆ, ನೆಲದ ಜಮಖಾನೆ ನೋಡಿ. ಎರಡು ಮನೆಯ ಫೋಟೋದಲ್ಲಿ ಒಂದೇ ಪರದೆ ಇದ್ದರೆ, ಎರಡೂ ಒಂದೇ ಸ್ಟುಡಿಯೋದ್ದು ಇರಬಹುದು.

ನಮ್ಮ ದೇಶದಲ್ಲಿ ಉಳಿದದ್ದೂ ಇದೆ, ಹೋದದ್ದೂ ಇದೆ. ಹೈದರಾಬಾದ್ ನಿಜಾಮರ ಫೋಟೋಗ್ರಾಫರ್ ಆಗಿದ್ದ ರಾಜಾ ದೀನ್ ದಯಾಳ್ ಅವರ 2,857 ಗಾಜಿನ ನೆಗೆಟಿವ್‌ಗಳನ್ನು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ 1989ರಲ್ಲಿ ಪಡೆದುಕೊಂಡಿತು. ಆದರೆ ಕಲ್ಕತ್ತಾದ ಬೋರ್ನ್ ಅಂಡ್ ಶೆಫರ್ಡ್ ಸ್ಟುಡಿಯೋಗೆ 1991ರಲ್ಲಿ ಬೆಂಕಿ ಬಿದ್ದು ಸಂಗ್ರಹದ ಬಹುಭಾಗ ನಾಶವಾಯಿತು. ಸದ್ದಿಲ್ಲದೆ ಹೋದವು ಇನ್ನೂ ಜಾಸ್ತಿ. ಸ್ಟುಡಿಯೋ ಮುಚ್ಚಿದಾಗ ಪೊರೆ ತೊಳೆದು, ಗಾಜನ್ನು ಫ್ರೇಮ್ ಕಟ್ಟಲು ಬಳಸುವುದಿತ್ತು. ಯಾರದೋ ಮದುವೆಯ ಪ್ಲೇಟು ಇವತ್ತು ಯಾವುದೋ ದೇವರ ಪಟದ ಮುಂದಿನ ಗಾಜಾಗಿ ಕೂತಿರಬಹುದು.

ಗಾಜನ್ನು ಕೊನೆಯವರೆಗೂ ಬಿಡದೆ ಹಿಡಿದವರು ಖಗೋಳ ವಿಜ್ಞಾನಿಗಳು. ಫಿಲ್ಮ್ ಬಾಗುತ್ತದೆ, ಹಿಗ್ಗುತ್ತದೆ. ಗಾಜು ಹಾಗೆ ಮಾಡುವುದಿಲ್ಲ. ಎರಡು ನಕ್ಷತ್ರಗಳ ನಡುವಿನ ಅಂತರವನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಅಳೆಯುವವರಿಗೆ ಅದು ಮುಖ್ಯ. 1923ರ ಅಕ್ಟೋಬರಿನಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ಆಂಡ್ರೊಮಿಡಾದ ಒಂದು ಪ್ಲೇಟ್ ತೆಗೆದರು. ಅದರ ಮೇಲೆ ಒಂದು ಚುಕ್ಕೆಯ ಪಕ್ಕ ಹೊಸ ತಾರೆ ಅಂತ 'ಎನ್' ಅಕ್ಷರ ಬರೆದು, ಆಮೇಲೆ ಹೊಡೆದುಹಾಕಿ, 'ವಾರ್!' ಅಂತ ಶಾಯಿಯಲ್ಲಿ ಬರೆದಿದ್ದಾರೆ. ಅದು ಇಂಗ್ಲಿಷಿನ 'ವೇರಿಯಬಲ್' ಪದದ ಚುಟುಕು, ಹೊಳಪು ಬದಲಾಗುವ ತಾರೆ ಅಂತ ಅರ್ಥ. ಆ ಒಂದು ತಾರೆಯಿಂದ ಆಂಡ್ರೊಮಿಡಾ ನಮ್ಮ ಹಾಲುಹಾದಿಯ ಆಚೆಗಿನ ಇನ್ನೊಂದು ಗ್ಯಾಲಕ್ಸಿ ಅಂತ ಗೊತ್ತಾಯಿತು. ಪ್ಲೇಟಿನ ಮೇಲೆ ಕೈಬರಹ ಕಂಡರೆ ಅಳಿಸಬಾರದು ಅನ್ನಲು ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ.

ನಮಗೆ ಹತ್ತಿರದ ಉದಾಹರಣೆ ಕೊಡೈಕೆನಾಲ್. ಅಲ್ಲಿನ ವೀಕ್ಷಣಾಲಯದಲ್ಲಿ 1904ರಿಂದ, ಮೋಡವಿಲ್ಲದ ದಿನಗಳಲ್ಲಿ ಸೂರ್ಯನ ಫೋಟೋ ತೆಗೆಯುತ್ತಾ ಬಂದರು. ನೂರು ವರ್ಷದ ಸೂರ್ಯನ ದಿನಚರಿ ಅದು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ ಈ ಪ್ಲೇಟುಗಳನ್ನು ಡಿಜಿಟಲ್ ಮಾಡಿದೆ. ಸೂರ್ಯನ ಕಲೆಗಳು ಹೆಚ್ಚಾಗುವ, ಕಡಿಮೆಯಾಗುವ ಚಕ್ರಕ್ಕೆ ಸುಮಾರು 11 ವರ್ಷ ಬೇಕು. ಹಾಗಾಗಿ ಹತ್ತು ವರ್ಷದ ಹೊಸ ಚಿತ್ರಗಳು ಎಷ್ಟೇ ಚೆನ್ನಾಗಿರಲಿ, ನೂರು ವರ್ಷದ ಹಳೇ ಗಾಜು ಹೇಳುವುದನ್ನು ಅವು ಹೇಳಲಾರವು. ಅಷ್ಟು ದೊಡ್ಡ ಸಂಸ್ಥೆಗಳಿಗೂ ಅಪಾಯ ತಪ್ಪಿದ್ದಲ್ಲ. ಅಮೆರಿಕದ ಹಾರ್ವರ್ಡ್‌ನಲ್ಲಿ ಸುಮಾರು ಐದು ಲಕ್ಷ ಆಕಾಶದ ಪ್ಲೇಟುಗಳಿವೆ. 2016ರ ಜನವರಿಯಲ್ಲಿ ನೀರಿನ ದೊಡ್ಡ ಪೈಪು ಒಡೆದು, ನೆಲಮಾಳಿಗೆಯಲ್ಲಿದ್ದ ಸುಮಾರು 61,000 ಪ್ಲೇಟುಗಳು ನೆನೆದುಹೋದವು.

ನೀರಿನ ಮಾತು ಬಂತಲ್ಲ, ನಮ್ಮಲ್ಲಿ ಪ್ಲೇಟಿನ ದೊಡ್ಡ ಶತ್ರು ಅದೇ. ಒಡೆಯುವ ಭಯ ಎಲ್ಲರಿಗೂ ಇದೆ. ತೇವದ ಭಯ ಯಾರಿಗೂ ಇಲ್ಲ. ಜೆಲಾಟಿನ್ ನೀರು ಹೀರಿದರೆ ನೆನೆದ ಸಬ್ಬಕ್ಕಿಯ ಹಾಗೆ ಉಬ್ಬುತ್ತದೆ. ಒಣಗಿದಾಗ ಕುಗ್ಗುತ್ತದೆ. ಕೆಳಗಿನ ಗಾಜು ಮಾತ್ರ ಅಷ್ಟೇ ಇರುತ್ತದೆ. ಮಲೆನಾಡು, ಕರಾವಳಿಯ ಮನೆಯಲ್ಲಿ ಒಂದು ಮಳೆಗಾಲ ಉಬ್ಬಿ, ಒಂದು ಬೇಸಿಗೆ ಕುಗ್ಗಿ, ಹೀಗೆ ಐವತ್ತು ವರ್ಷ ಎಳೆದಾಡಿದರೆ ಅಂಚಿನಿಂದ ಪೊರೆ ಸುರುಳಿ ಏಳುತ್ತದೆ. ಜೊತೆಗೆ ಜೆಲಾಟಿನ್ ಅಂದರೆ ಬೂಷ್ಟಿಗೆ ಊಟ. ಬೂಷ್ಟು ತಿಂದ ಜೆಲಾಟಿನ್ ನೀರಿನಲ್ಲಿ ಕರಗುವ ಹಾಗೆ ಆಗಿಬಿಡುತ್ತದೆ. ನನ್ನ ಒದ್ದೆ ಬಟ್ಟೆಗೆ ಮುಖ ಕಿತ್ತು ಬಂದದ್ದು ಈ ಕಾರಣಕ್ಕೆ. ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಳಗೆ ಅದು ಬರೀ ಅಂಟಾಗಿತ್ತು.

ಗಾಜೂ ಪೂರ್ತಿ ಸುಮ್ನೆ ಇರುವುದಿಲ್ಲ. ಹಳೇ ಗಾಜಿನೊಳಗಿನ ಕ್ಷಾರ ತೇವಕ್ಕೆ ಹೊರಗೆ ಬಂದು ಮೈ ಬೆವರಿದಂತೆ ಆಗುತ್ತದೆ, ಅದು ಪೊರೆಯನ್ನು ಕೆಳಗಿನಿಂದ ಸಡಿಲಿಸುತ್ತದೆ. ಅಂಚಿನ ಕನ್ನಡಿ ಹೊಳಪು ಕೂಡ ರೋಗವೇ. ಬೆಳ್ಳಿ ನಿಧಾನವಾಗಿ ಮೇಲೆ ಬಂದು ಕೂತ ಗುರುತು ಅದು. ಅದನ್ನು ತೆಗೆಯಲು ಹೋಗಬೇಡಿ. ಅದೂ ಚಿತ್ರದ್ದೇ ಬೆಳ್ಳಿ.

ಹಾಗಾದರೆ ಪೆಟ್ಟಿಗೆ ಸಿಕ್ಕ ದಿನ ಏನು ಮಾಡಬೇಕು? ಮೊದಲು ಹೇಗಿದೆಯೋ ಹಾಗೆಯೇ ಪೆಟ್ಟಿಗೆಯ ಒಂದು ಫೋಟೋ ತೆಗೆಯಿರಿ. ಯಾವುದರ ಪಕ್ಕ ಯಾವುದಿತ್ತು ಅನ್ನುವುದೂ ಮಾಹಿತಿಯೇ. ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ, ಅದರ ಮೇಲೊಂದು ಸ್ವಚ್ಛ ಬಿಳಿ ಕಾಗದ. ಫ್ಯಾನ್ ಆಫ್ ಮಾಡಿ. ಕೈಗೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ನೈಟ್ರೈಲ್ ಗ್ಲೌಸ್. ಬಟ್ಟೆಯ ಗ್ಲೌಸ್ ಜಾರುತ್ತದೆ, ಎದ್ದ ಪೊರೆಗೆ ಸಿಕ್ಕಿಕೊಳ್ಳುತ್ತದೆ, ಬೇಡ. ಎರಡೂ ಕೈಯಲ್ಲಿ ಎದುರು ಬದುರು ಅಂಚು ಹಿಡಿದು ಎತ್ತಿ. ಎರಡು ಪ್ಲೇಟು ಅಂಟಿಕೊಂಡಿದ್ದರೆ ಎಳೆಯಬೇಡಿ. ಹಾಗೇ ಬಿಡಿ.

ಓರೆಯಾಗಿ ನೋಡಿದರೆ ಒಂದು ಮೈ ಹೊಳೆಯುತ್ತದೆ, ಒಂದು ಮೈ ಮಂಕಾಗಿರುತ್ತದೆ. ಮಂಕಾಗಿರುವುದು ಪೊರೆ. ಅದನ್ನು ಮುಟ್ಟಲೇಬೇಡಿ. ಧೂಳು ಜಾಸ್ತಿ ಇದ್ದರೆ ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಬ್ಲೋವರಿನಿಂದ ಮೆಲ್ಲಗೆ ಗಾಳಿ ಬಿಡಿ, ಬಾಯಿಂದ ಊದಬೇಡಿ. ಪೊರೆ ಎದ್ದಿದ್ದರೆ ಅದೂ ಬೇಡ. ಹೊಳೆಯುವ ಮೈಯನ್ನು ಮಾತ್ರ ಮೆತ್ತಗಿನ ಬ್ರಷ್ಷಿನಲ್ಲಿ ಒರೆಸಬಹುದು. ಸ್ಪಿರಿಟ್, ಸ್ಯಾನಿಟೈಸರ್ ಹತ್ತಿರ ತರಬೇಡಿ. ಕೊಲೋಡಿಯನ್ನೂ ಅದರ ಮೇಲಿನ ವಾರ್ನಿಷ್ಷೂ ಆಲ್ಕೋಹಾಲಿನಲ್ಲಿ ಕರಗುತ್ತವೆ. ಒಡೆದ ಪ್ಲೇಟಿಗೆ ಸೆಲ್ಲೋಟೇಪ್ ಹಚ್ಚುವುದು, ಫೆವಿಕ್ವಿಕ್ ಹಾಕುವುದು ಎರಡೂ ತಪ್ಪು. ತುಂಡುಗಳನ್ನು ಒಂದಕ್ಕೊಂದು ತಾಗದ ಹಾಗೆ ಮಲಗಿಸಿ ಇಡಿ.

ಒಡೆಯದ ಪ್ಲೇಟುಗಳನ್ನು ಮಾತ್ರ ಮಲಗಿಸಬಾರದು. ಲೆಕ್ಕ ಹಾಕಿ: ಒಂದು ಹಾಫ್ ಪ್ಲೇಟ್ ಹೆಚ್ಚುಕಡಿಮೆ 100 ಗ್ರಾಂ. ಐವತ್ತು ಪ್ಲೇಟು ಪೇರಿಸಿದರೆ ತಳದ್ದರ ಮೇಲೆ ಐದು ಕಿಲೋ ಭಾರ. ಅದಕ್ಕೇ ತಟ್ಟೆ ಸ್ಟ್ಯಾಂಡಿನಲ್ಲಿ ತಟ್ಟೆ ನಿಲ್ಲಿಸಿದಂತೆ, ಉದ್ದನೆಯ ಅಂಚು ಕೆಳಗೆ ಬರುವ ಹಾಗೆ ನಿಲ್ಲಿಸಿಡಿ. ಪ್ರತಿಯೊಂದಕ್ಕೂ ಆಮ್ಲವಿಲ್ಲದ ಕಾಗದದ ಕವರ್ ಬೇಕು. ನಾಲ್ಕು ಕಡೆಯಿಂದ ಮಡಚುವ ಕವರ್ ಆದರೆ ಪ್ಲೇಟನ್ನು ತೂರಿಸುವ, ಎಳೆಯುವ ಕೆಲಸವಿಲ್ಲ. ಬಟರ್ ಪೇಪರ್, ಪ್ಲಾಸ್ಟಿಕ್ ಚೀಲ, ರಬ್ಬರ್ ಬ್ಯಾಂಡ್ ಬೇಡ. ಸಂಗ್ರಹಾಲಯಗಳು ಗಾಳಿಯ ತೇವವನ್ನು ಶೇಕಡ 30ರಿಂದ 40ರ ಒಳಗೆ, ತಾಪಮಾನವನ್ನು 18 ಡಿಗ್ರಿಗಿಂತ ಕಡಿಮೆ ಇಡಲು ನೋಡುತ್ತವೆ. ಮನೆಯಲ್ಲಿ ಅದು ಆಗುವ ಮಾತಲ್ಲ. ಆದರೆ ಅಟ್ಟದಿಂದ ಇಳಿಸಿ, ನಡುಮನೆಯ ಬೀರುವಿನಲ್ಲಿ, ಬಚ್ಚಲ ಗೋಡೆಗೆ ತಾಗದ ಕಡೆ ಇಡುವುದು ಎಲ್ಲರಿಗೂ ಆಗುತ್ತದೆ ಅಲ್ವಾ? ಪೊರೆ ಏಳುತ್ತಿದ್ದರೆ, ಬೂಷ್ಟು ಹಿಡಿದಿದ್ದರೆ ಮುಂದಿನದು ತಜ್ಞರ ಕೆಲಸ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಇಂಟ್ಯಾಕ್ ಸಂರಕ್ಷಣಾ ಕೇಂದ್ರವಿದೆ, ಕಸ್ತೂರ್‌ಬಾ ರಸ್ತೆಯಲ್ಲಿ ಮ್ಯಾಪ್ ಅನ್ನುವ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ ಇದೆ. ಅಂಥ ಕಡೆ ಕೇಳಿದರೆ ದಾರಿ ಸಿಗುತ್ತದೆ.

ಚಿತ್ರ ನೋಡುವ ಆಸೆಯನ್ನು ಅಲ್ಲಿಯವರೆಗೆ ತಡೆದುಕೊಳ್ಳಬೇಕಿಲ್ಲ. ಟ್ಯಾಬ್ ಅಥವಾ ಲ್ಯಾಪ್‌ಟಾಪಿನ ಪರದೆಯಲ್ಲಿ ಬರೀ ಬಿಳಿ ಪುಟ ತೆರೆದು, ಬೆಳಕು ಪೂರ್ತಿ ಏರಿಸಿ. ಪ್ಲೇಟನ್ನು ಅದರ ಮುಂದೆ ಎರಡು ಮೂರು ಇಂಚು ದೂರದಲ್ಲಿ, ಹೊಳೆಯುವ ಮೈ ನಿಮ್ಮ ಕಡೆ ಬರುವ ಹಾಗೆ ಒಬ್ಬರು ಹಿಡಿಯಲಿ. ಪರದೆಗೆ ತಾಗಿಸಿದರೆ ಅದರ ಚುಕ್ಕಿಗಳೂ ಫೋಟೋದಲ್ಲಿ ಬರುತ್ತವೆ. ಇನ್ನೊಬ್ಬರು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕಲರ್ ಇನ್ವರ್ಷನ್ ಆನ್ ಮಾಡಿ ಕ್ಯಾಮೆರಾ ತೆರೆಯಲಿ. ಕಪ್ಪು ಮುಖ ಬೆಳಗುತ್ತದೆ, ಬಿಳಿ ಕೂದಲು ಕಪ್ಪಾಗುತ್ತದೆ. ನಮ್ಮ ಮನೆಯಲ್ಲಿ ಅತ್ತೆ ಆ ಪರದೆಯನ್ನು ಒಂದು ಗಳಿಗೆ ನೋಡಿ, ಎದ್ದು ಹೋಗಿ ಕನ್ನಡಕ ತಂದು ಮತ್ತೆ ಕೂತರು. ಸೀರೆಯ ಸೆರಗು ಬಲ ಭುಜದ ಮೇಲೆ ಕಂಡರೆ ಪ್ಲೇಟನ್ನು ತಿರುಗಿಸಿ ಹಿಡಿದಿದ್ದೀರಾ ಅಂತ ಒಮ್ಮೆ ನೋಡಿಕೊಳ್ಳಿ. ಸಂಗ್ರಹಕ್ಕೆ ಅಂತ ಮಾಡುವಾಗ ಒಳ್ಳೇ ಕ್ಯಾಮೆರಾ, ಮ್ಯಾಕ್ರೋ ಲೆನ್ಸ್, ಲೈಟ್ ಟೇಬಲ್ ಬೇಕು. ಮೂಲ ಫೈಲನ್ನು ನೆಗೆಟಿವ್ ಆಗಿಯೇ ಉಳಿಸಿ, ಬಣ್ಣ ತಿರುಗಿಸುವುದನ್ನು ಪ್ರತಿಯಲ್ಲಿ ಮಾತ್ರ ಮಾಡಬೇಕು.

ಕೊನೆಯ ಕೆಲಸ ಬರೆಯುವುದು. ಪ್ಲೇಟಿನ ಮೇಲಲ್ಲ, ಕವರಿನ ಮೇಲೆ. ಖಾಲಿ ಕವರಿನ ಮೇಲೆ ಪೆನ್ಸಿಲಿನಲ್ಲಿ ಮೊದಲು ಬರೆದು, ಆಮೇಲೆ ಪ್ಲೇಟು ಒಳಗಿಡಬೇಕು. ಇಟ್ಟ ಮೇಲೆ ಬರೆದರೆ ಒತ್ತು ಬಿದ್ದು ಪೊರೆಗೆ ಗೀರು ಬೀಳುತ್ತದೆ. ನಂಬರು, ಚಿತ್ರದಲ್ಲಿ ಯಾರು, ಆ ಹೆಸರು ಹೇಳಿದವರು ಯಾರು, ಪ್ಲೇಟಿನ ಸ್ಥಿತಿ ಹೇಗಿದೆ. ನಮ್ಮ 64ರಲ್ಲಿ ಅತ್ತೆ ಹನ್ನೊಂದು ಜನರ ಹೆಸರು ಹೇಳಿದರು. ಮೊದಲು ಕೈಗೆ ಬಂದ ಪ್ಲೇಟಿನ ಕವರಿನ ಮೇಲೆ ಹೀಗೆ ಬರೆದಿದ್ದೇನೆ: ನಂಬರ್ 1. ಕುರ್ಚಿಯಲ್ಲಿ ಕೂತ ಹೆಂಗಸು, ಹೆಸರು ಗೊತ್ತಿಲ್ಲ. ಮುಖದ ಎಡಭಾಗ ಹೋಗಿದೆ, ಒದ್ದೆ ಬಟ್ಟೆಯಿಂದ.